ನಮ್ಮ ತಾಲ್ಲೂಕಿಗೆ ಆ ಹೆಸರು ಎಲ್ಲಿಂದ ಬಂತು

ಹಳೇ ಮೈಸೂರು ಕಡೆಯ ಮದುವೆ ಕರೆಯೋಲೆ ನೋಡಿ. ಹುಡುಗನ ಹೆಸರಿಗಿಂತ ಮೊದಲು ಅವನ ಊರು ಬರುತ್ತದೆ, ಅದೂ ಪೂರ್ತಿ ವಿಳಾಸದ ಸಮೇತ. ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕು, ಕಸಬಾ ಹೋಬಳಿ, ಇಂಥ ಗ್ರಾಮದ ವಾಸಿ ಇಂಥವರ ಮಗ ಅಂತ. ಛತ್ರಕ್ಕೆ ಬರುವವರಿಗೆ ಅಷ್ಟೆಲ್ಲ ವಿವರ ಬೇಕಾಗಿರುವುದಿಲ್ಲ. ಆದರೂ ಅದನ್ನು ಬಿಟ್ಟು ಕಾರ್ಡು ಹೊಡೆಸಿದರೆ ಮನೆಯ ಹಿರಿಯರು ಒಪ್ಪುವುದಿಲ್ಲ. ಯಾವ ತಾಲ್ಲೂಕಿನವರು ಅಂತ ಗೊತ್ತಾದರೆ ಅರ್ಧ ಪರಿಚಯ ಆದ ಹಾಗೆ. 'ಓ, ತುರುವೇಕೆರೆ ಕಡೆಯವರಾ' ಅಂದ ಮೇಲೇ ಮುಂದಿನ ಮಾತು.

ಈ ಹೆಸರುಗಳನ್ನು ಇಟ್ಟವರು ಕಂದಾಯ ಎತ್ತುವವರು. ನೆಲವನ್ನು ಅಳೆದು, ಹಂಚಿ, ಯಾರಿಂದ ಎಷ್ಟು ಬರಬೇಕು ಅಂತ ಬರೆದಿಟ್ಟುಕೊಳ್ಳೋಕೆ ಅವರಿಗೆ ಇವು ಬೇಕಾಗಿದ್ದವು. ಅಂಥ ಲೆಕ್ಕದ ಹೆಸರು ಮನೆತನದ ಗುರುತಾಗಿ ಮದುವೆ ಕಾರ್ಡಿನ ಮೇಲೆ ಬಂದು ಕೂತಿದೆ. ಅದು ಹೇಗಾಯಿತು ಅನ್ನುವ ಕುತೂಹಲ ನನಗೆ ಮೊದಲಿಂದಲೂ ಇದೆ. ಅದರಲ್ಲೂ ತಾಲ್ಲೂಕು ಅನ್ನುವ ಮಾತಿನ ಬಗ್ಗೆ. ಜಿಲ್ಲೆ ನಮಗೆ ಸ್ವಲ್ಪ ದೂರದ್ದು, ಹೋಬಳಿ ಕೆಲವರಿಗಷ್ಟೇ ನೆನಪಿರುತ್ತದೆ. ತಾಲ್ಲೂಕು ಹಾಗಲ್ಲ. ಸಂತೆ, ಆಸ್ಪತ್ರೆ, ಕೋರ್ಟು, ಕಾಲೇಜು ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ನಮ್ಮ ಅಜ್ಜಿಗೆ ಸರ್ಕಾರ ಅಂದರೆ ತಾಲ್ಲೂಕಾಫೀಸು. ಅದಕ್ಕಿಂತ ಮೇಲೆ ಏನಾದರೂ ಇದೆ ಅಂತ ಅವಳು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ.

ಮಾತಿನ ಮೂಲ ಅರಬ್ಬಿಯ 'ತಅಲ್ಲುಕ್'. ಅಂಟಿಕೊಂಡಿರುವುದು, ಸೇರಿರುವುದು, ನಂಟು ಅಂತ ಅರ್ಥ. ಪಾರಸಿಯ ಮೂಲಕ ಉರ್ದುವಿಗೆ ಬಂತು, ಉರ್ದುವಿನಲ್ಲಿ ಇವತ್ತಿಗೂ ದಿನನಿತ್ಯದ ಮಾತು. 'ನನಗೂ ಅವನಿಗೂ ಯಾವ ತಅಲ್ಲುಕ್ಕೂ ಇಲ್ಲ' ಅಂದರೆ ಯಾವ ಸಂಬಂಧವೂ ಇಲ್ಲ ಅಂತ. ಕಲಬುರಗಿ, ಬೀದರ ಕಡೆ ಮನೆಯಲ್ಲಿ ಉರ್ದು ಆಡುವವರು ಒಂದೇ ಮಾತನ್ನು ಎರಡು ಕಡೆ ಬಳಸುತ್ತಾರೆ. ಒಂದು ಸಲ ಸಂಬಂಧಕ್ಕೆ, ಇನ್ನೊಂದು ಸಲ ಕಚೇರಿ ಇರುವ ಊರಿಗೆ. ಕನ್ನಡಕ್ಕೆ ಬಂದದ್ದು ಎರಡನೆಯ ಅರ್ಥ ಮಾತ್ರ.

ಇದೇ ಬೇರಿನಿಂದ ಬಂದ ಇನ್ನೊಂದು ಮಾತೂ ನಮ್ಮಲ್ಲಿದೆ. ಇಲಾಖೆ. ಅರಬ್ಬಿಯ 'ಇಲಾಕಾ' ಅಂದರೂ ಸಂಬಂಧವೇ. ಹಿಂದಿಯವರು 'ಇಲಾಕಾ' ಅಂದರೆ ಒಂದು ಪ್ರದೇಶ, ಒಂದು ಸುತ್ತಮುತ್ತಲ ಜಾಗ. ನಾವು ಕನ್ನಡದಲ್ಲಿ ಅದನ್ನು ಸರ್ಕಾರದ ವಿಭಾಗಕ್ಕೆ ಇಟ್ಟುಕೊಂಡೆವು. ಕಂದಾಯ ಇಲಾಖೆ, ಅರಣ್ಯ ಇಲಾಖೆ, ಪೊಲೀಸ್ ಇಲಾಖೆ. 'ಸಂಬಂಧಪಟ್ಟ ಇಲಾಖೆ' ಅಂತ ಪತ್ರಿಕೆಗಳು ಬರೆಯುವಾಗ ಒಂದೇ ಅರ್ಥ ಎರಡು ಭಾಷೆಯಲ್ಲಿ ಬಂದಿರುತ್ತದೆ. ತಾಲ್ಲೂಕು ನೆಲಕ್ಕೆ ಹೋಯಿತು, ಇಲಾಖೆ ಕೆಲಸಕ್ಕೆ ಹೋಯಿತು.

ಕಾಗುಣಿತದ ಜಗಳವೂ ಇಲ್ಲೇ ಬಗೆಹರಿಯುತ್ತದೆ. ತಾಲೂಕು ಸರಿಯೋ ತಾಲ್ಲೂಕು ಸರಿಯೋ ಅಂತ ನಮ್ಮಲ್ಲಿ ಬಹಳ ಜನ ಕೇಳುತ್ತಾರೆ. ಉತ್ತರ ಕರ್ನಾಟಕದಲ್ಲಿ ತಾಲೂಕು ಜಾಸ್ತಿ. ಪಕ್ಕದ ಮರಾಠಿಯಲ್ಲೂ 'ತಾಲುಕಾ' ಅನ್ನುತ್ತಾರೆ, ಲಕಾರ ಒಂದೇ. ಮೈಸೂರು ಕಡೆ ತಾಲ್ಲೂಕು. ಮೂಲದ ಅರಬ್ಬಿಯಲ್ಲಿ ಲಕಾರಕ್ಕೆ ಒತ್ತು ಇದೆ. ಹಾಗಾಗಿ ಒತ್ತು ಹಾಕಿ ಬರೆಯುವವರದು ತಪ್ಪಲ್ಲ, ಅವರು ಹಳೆಯ ಉಚ್ಚಾರವನ್ನೇ ಉಳಿಸಿಕೊಂಡಿದ್ದಾರೆ. ಒತ್ತು ಇಲ್ಲದ್ದೂ ನೂರಾರು ವರ್ಷ ಬಾಯಲ್ಲಿ ಉರುಳಿ ಬಂದದ್ದು. ನಾನು ಒತ್ತು ಹಾಕುತ್ತೇನೆ. ನನ್ನ ಕಿವಿಗೆ ಅದೇ ಹಿಡಿದಿದೆ.

ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಕ್ರಯಪತ್ರ ಇದೆ. ಛಾಪಾ ಕಾಗದ, ಮಡಿಕೆ ಮಡಿಕೆಗೆ ಸವೆದಿದೆ, ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಓದೋಕೆ ಕಷ್ಟ. ಆದರೆ ಒಂದು ಸಾಲು ಮಾತ್ರ ಸುಲಭವಾಗಿ ಸಿಗುತ್ತದೆ, ಯಾಕೆಂದರೆ ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಇಂಥ ಜಿಲ್ಲೆಗೆ ಸೇರಿದ, ಇಂಥ ತಾಲ್ಲೂಕಿಗೆ ಸೇರಿದ, ಹೋಬಳಿ ಮಜಕೂರಿಗೆ ಸೇರಿದ, ಇಂಥ ಗ್ರಾಮಕ್ಕೆ ಸೇರಿದ ಜಮೀನು. ಆಮೇಲೆ ಚಕ್ಕುಬಂದಿ: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ದಕ್ಷಿಣಕ್ಕೆ ಯಾವ ದಾರಿ. ಪತ್ರ ಬರೆದವರಿಗೆ ಅರಬ್ಬಿ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ 'ಸೇರಿದ' ಅನ್ನುವುದು ತಅಲ್ಲುಕ್ಕಿನ ಅಚ್ಚ ಕನ್ನಡ. ಕನ್ನಡದ ದಸ್ತಾವೇಜು ಆ ಮಾತನ್ನೂ ಇಟ್ಟುಕೊಂಡಿತು, ಅದರ ಅರ್ಥವನ್ನೂ ಪಕ್ಕದಲ್ಲೇ ಬರೆದುಕೊಂಡಿತು.

ನಂಟು ಅನ್ನುವ ಮಾತು ನೆಲಕ್ಕೆ ಹೇಗೆ ಹತ್ತಿತು ಅಂದರೆ, ಮೊದಲು ಅದು ಹತ್ತಿದ್ದು ಮನುಷ್ಯರಿಗೆ. ಇಷ್ಟು ಹಳ್ಳಿಯ ವಸೂಲಿ ಇಂಥವನಿಗೆ ಸೇರಿದ್ದು ಅಂತ ಇದ್ದರೆ ಅದು ಅವನ ತಾಲ್ಲೂಕು, ಅವನು ತಾಲ್ಲೂಕುದಾರ. ಬಂಗಾಳದಲ್ಲಿ ಮೊಗಲರ ಕಾಲದ ತಾಲ್ಲೂಕುದಾರರಲ್ಲಿ ಎರಡು ಬಗೆ ಇದ್ದರು. ಹುಜೂರಿ ಅನ್ನಿಸಿಕೊಂಡವರು ನೇರವಾಗಿ ಸರ್ಕಾರಕ್ಕೆ ಕಟ್ಟುತ್ತಿದ್ದರು. ಮಜಕೂರಿ ಅನ್ನಿಸಿಕೊಂಡವರು ದೊಡ್ಡ ಜಮೀನುದಾರನ ಕೈಯಲ್ಲಿ ಕಟ್ಟುತ್ತಿದ್ದರು, ಅವನ ಪಟ್ಟಿಯಲ್ಲಿ ಅವರ ಹೆಸರು ಸೇರಿರುತ್ತಿತ್ತು. ಮಜಕೂರು ಅಂದರೆ ಮೇಲೆ ಹೇಳಿದ, ನಮೂದಾದ ಅಂತ. ಮುತ್ತಜ್ಜನ ಕ್ರಯಪತ್ರದ 'ಹೋಬಳಿ ಮಜಕೂರು' ಕೂಡ ಅದೇ.

ಅವಧದಲ್ಲಿ, ಅಂದರೆ ಲಖನೌ ಸುತ್ತಮುತ್ತ, ತಾಲ್ಲೂಕುದಾರ ಅಂದರೆ ಸಣ್ಣ ರಾಜ. ಕೋಟೆ, ಆಳುಕಾಳು, ಆನೆ ಎಲ್ಲ ಇದ್ದವರು. 1857ರ ದಂಗೆಯಲ್ಲಿ ಅವರಲ್ಲಿ ಬಹಳ ಜನ ಬ್ರಿಟಿಷರ ವಿರುದ್ಧ ನಿಂತರು. ಆಮೇಲೆ ಬ್ರಿಟಿಷರು ಅವರನ್ನೇ ಒಲಿಸಿಕೊಂಡು ಸನದು ಕೊಟ್ಟು ಜಮೀನು ಖಾಯಂ ಮಾಡಿದರು. ಹೈದರಾಬಾದ್ ಸಂಸ್ಥಾನದಲ್ಲಿ ಇದೇ ಹೆಸರು ಪೂರ್ತಿ ಬೇರೆ ದಾರಿ ಹಿಡಿಯಿತು. 1865ರಲ್ಲಿ ಅಲ್ಲಿನ ದಿವಾನ ಒಂದನೇ ಸಾಲಾರ್ ಜಂಗ್ ಜಿಲ್ಲಾಬಂದಿ ಮಾಡಿ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದಾಗ, ಜಿಲ್ಲೆಯ ಮುಖ್ಯಾಧಿಕಾರಿಗೆ ಅವ್ವಲ್ ತಾಲ್ಲೂಕುದಾರ್ ಅಂತ ಹೆಸರಾಯಿತು. ಅಂದರೆ ಮೊದಲನೇ ತಾಲ್ಲೂಕುದಾರ. ರಾಯಚೂರು, ಗುಲ್ಬರ್ಗ, ಬೀದರದ ಜನ 1948ರವರೆಗೆ ಜಿಲ್ಲಾಧಿಕಾರಿಯನ್ನು ತಾಲ್ಲೂಕುದಾರ ಅನ್ನುತ್ತಿದ್ದರು, ತಾಲ್ಲೂಕನ್ನು ನೋಡಿಕೊಳ್ಳುವವನನ್ನು ತಹಶೀಲ್ದಾರ ಅನ್ನುತ್ತಿದ್ದರು. ಒಂದೇ ಮಾತು ಲಖನೌದಲ್ಲಿ ಜಹಗೀರುದಾರ, ರಾಯಚೂರಿನಲ್ಲಿ ಸರ್ಕಾರಿ ನೌಕರ, ನಮ್ಮಲ್ಲಿ ಬರೀ ನೆಲ.

ಮೈಸೂರು ಸೀಮೆಗೆ ಈ ಪಾರಸಿ ಲೆಕ್ಕದ ಭಾಷೆ ಗಟ್ಟಿಯಾಗಿ ಬಂದದ್ದು ಬಿಜಾಪುರದಿಂದ ಮತ್ತು ಶಿರಾದಿಂದ. 1686ರಲ್ಲಿ ಔರಂಗಜೇಬ ಬಿಜಾಪುರ ಗೆದ್ದ. ಮರುವರ್ಷ ಶಿರಾ ಮೊಗಲರ ಒಂದು ಸುಬೆಯ, ಅಂದರೆ ಪ್ರಾಂತದ, ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಅಂತ ಏಳು ಪರಗಣಗಳು, ಅಂದರೆ ಹಳ್ಳಿಗಳ ಕಟ್ಟುಗಳು, ಅದರಡಿ ಇದ್ದವು. ಇವತ್ತು ಶಿರಾ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು. ಊರಿನ ಹಳೆಯ ಗೋರಿ, ಮಸೀದಿ, ಕೋಟೆಯ ಗೋಡೆ ನೋಡಿದರೆ ಅದು ಒಂದು ಕಾಲಕ್ಕೆ ಎಷ್ಟು ದೊಡ್ಡ ಕಚೇರಿಯ ಊರು ಅಂತ ಅಂದಾಜಾಗುತ್ತದೆ. ಅಲ್ಲಿ ಕೂತ ಬರಹಗಾರರ ಮಾತುಗಳೇ ಸುತ್ತಲಿನ ಪಾಳೆಯಗಾರರ ಮನೆಗೂ ಮೈಸೂರಿನ ಅರಮನೆಗೂ ಹೊಕ್ಕವು. ಚಿಕ್ಕದೇವರಾಜ ಒಡೆಯರು ಹದಿನೆಂಟು ಇಲಾಖೆ ಮಾಡಿ ಅಠಾರಾ ಕಚೇರಿ ಕಟ್ಟಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡ ಆ ಹೆಸರನ್ನು ಇನ್ನೂ ಇಟ್ಟುಕೊಂಡಿದೆ.

ಟಿಪ್ಪು ಸತ್ತ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ತಾಲ್ಲೂಕು ಆಡಳಿತದ ಮುಖ್ಯ ಘಟಕವಾಗಿತ್ತು, ಅದರ ಮೇಲೆ ಅಮಲ್ದಾರ. ಅಮಲು ಅಂದರೆ ಕೆಲಸ, ಅಧಿಕಾರ. ಕಾನೂನು ಅಮಲಿಗೆ ಬಂತು ಅನ್ನುತ್ತೇವಲ್ಲ, ಅದೇ ಅಮಲು. 1831ರಲ್ಲಿ ಬ್ರಿಟಿಷರು ಆಡಳಿತ ತಮ್ಮ ಕೈಗೆ ತೆಗೆದುಕೊಂಡರು. ಕಮಿಷನರ್ ಆಗಿದ್ದ ಕಬ್ಬನ್ ಕಾಲದಲ್ಲಿ ಫೌಜುದಾರಿ ಅನ್ನುವ ಹಳೆಯ ವಿಭಾಗಗಳು ಹೋಗಿ ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಅಂತ ನಾಲ್ಕು ವಿಭಾಗಗಳಾದವು. 1862ರ ಸುಮಾರಿಗೆ ಕಮಿಷನರ್ ಬೌರಿಂಗ್ ಬಂದು ಮೂರು ವಿಭಾಗ, ಎಂಟು ಜಿಲ್ಲೆ ಮಾಡಿದರು. ನಂದಿದುರ್ಗ ವಿಭಾಗದಲ್ಲಿ ಬೆಂಗಳೂರು, ಕೋಲಾರ, ತುಮಕೂರು. ಅಷ್ಟಗ್ರಾಮದಲ್ಲಿ ಮೈಸೂರು, ಹಾಸನ. ನಗರದಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ. ನಾವು ಇವತ್ತು 'ನಮ್ಮ ಜಿಲ್ಲೆ' ಅನ್ನುವ ಚಿತ್ರ ಅಲ್ಲಿಂದ ಶುರು. ಮಂಡ್ಯ ಆಗ ಇರಲೇ ಇಲ್ಲ, ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1939ರಲ್ಲಿ. ಕಡೂರು ಜಿಲ್ಲೆ ಆಮೇಲೆ ಚಿಕ್ಕಮಗಳೂರಾಯಿತು. ಇಷ್ಟೆಲ್ಲ ಮೇಲೆ ಕೆಳಗಾದರೂ ತಾಲ್ಲೂಕು ಮಾತ್ರ ತಾಲ್ಲೂಕಾಗಿಯೇ ಉಳಿಯಿತು. ನೋಡಿಕೊಳ್ಳುವವನ ಹೆಸರು ಬದಲಾಯಿತು, ಮೇಲಿನ ವಿಭಾಗದ ಹೆಸರು ಬದಲಾಯಿತು. ರೈತ ಹೋಗುವ ಊರು ಅದೇ.

ಜಿಲ್ಲೆಯ ವಿಚಾರ ಬೇಗ ಹೇಳಿಬಿಡುತ್ತೇನೆ. ಅರಬ್ಬಿಯಲ್ಲಿ ಅದು ಪಕ್ಕೆಲುಬು, ಆಮೇಲೆ ಪಕ್ಕ, ಮಗ್ಗುಲು. ತ್ರಿಕೋನದ ಬಾಹುವಿಗೂ ಅಲ್ಲಿ ಅದೇ ಮಾತು. ನಾಡಿನ ಒಂದು ಮಗ್ಗುಲು ಜಿಲ್ಲೆ. ತಹಶೀಲು ಅಂದರೆ ವಸೂಲಿ, ತಹಶೀಲ್ದಾರ ಅಂದರೆ ವಸೂಲಿ ಮಾಡುವವನು. ನಮ್ಮ ಮಹಸೂಲು ಅದರ ಒಡಹುಟ್ಟು. ಕಲೆಕ್ಟರ್ ಅಂದರೂ ಅದೇ ಅರ್ಥ. ಹಾಗಾಗಿ ತಮಿಳುನಾಡು, ಆಂಧ್ರದ ಕಲೆಕ್ಟರಿಗೂ ಅವರ ಕೈಕೆಳಗಿನ ತಹಶೀಲ್ದಾರರಿಗೂ ಹೆಸರಿನ ಮಟ್ಟಿಗೆ ವ್ಯತ್ಯಾಸ ಇಲ್ಲ. ನಮ್ಮಲ್ಲಿ ಡಿ.ಸಿ., ಅಂದರೆ ಡೆಪ್ಯುಟಿ ಕಮಿಷನರ್, ಅನ್ನುವುದು ಮೈಸೂರಿನ ಕಮಿಷನರ್ ಆಡಳಿತದ ಕಾಲದಿಂದ ಉಳಿದುಬಂದ ಹೆಸರು. ಕಸಬಾ ಅಂದರೆ ಮುಖ್ಯ ಊರು. ಪ್ರತಿ ತಾಲ್ಲೂಕಿಗೂ ಒಂದು ಕಸಬಾ ಹೋಬಳಿ ಇರುವುದು ಅದಕ್ಕೇ. ಅಲ್ಜಿಯರ್ಸ್ ಊರಿನ ಹಳೆಯ ಕೋಟೆ ಪೇಟೆಗೂ ಕಸಬಾ ಅಂತಲೇ ಹೆಸರು. ಹೋಬಳಿ ನೋಡಿಕೊಳ್ಳುತ್ತಿದ್ದವನು ಶೇಕದಾರ. ಶಿಕ್ಕ್ ಅಂದರೆ ಸೀಳು, ತುಂಡು. ದೆಹಲಿ ಸುಲ್ತಾನರ ಕಾಲದಲ್ಲಿ ಶಿಕ್ಕ್ ಒಂದು ದೊಡ್ಡ ಪ್ರಾಂತದ ಭಾಗ, ಶೇರ್ ಶಾಹನ ಕಾಲದಲ್ಲಿ ಶಿಕ್ದಾರ್ ಪರಗಣದ ಅಧಿಕಾರಿ, ನಮ್ಮ ಮೈಸೂರಿಗೆ ಬರುವ ಹೊತ್ತಿಗೆ ಹೋಬಳಿಯ ಶೇಕದಾರ. ಈಗ ಅವರು ಕಂದಾಯ ನಿರೀಕ್ಷಕರು, ಬಾಯಿಮಾತಲ್ಲಿ ಆರ್.ಐ. ವಯಸ್ಸಾದವರು ಇನ್ನೂ ಶೇಕದಾರರು ಅಂತಲೇ ಅನ್ನುತ್ತಾರೆ.

ಕಂದಾಯದ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು. ಇಷ್ಟೆಲ್ಲ ಅರಬ್ಬಿ ಪಾರಸಿ ನಡುವೆ ಅದು ನಮ್ಮ ಕಡೆಯದೇ ಮಾತು. ಹಣ ಅನ್ನುವುದಕ್ಕಿಂತ ಮೊದಲು ಅದು ಕಾಲದ ಅಳತೆ. ವರ್ಷವನ್ನು ಮೂರು ಪಾಲು ಮಾಡಿದರೆ ಒಂದೊಂದು ಪಾಲು ಒಂದು ಕಂದಾಯ, ನಾಲ್ಕು ತಿಂಗಳು. ಆ ಕಂತಿಗೆ ಕಟ್ಟಬೇಕಾದ ತೆರಿಗೆಗೂ ಅದೇ ಹೆಸರು ಬಂತು. ನಿಮ್ಮ ಮನೆಯಲ್ಲಿ ಪಂಚಾಂಗ ಇದ್ದರೆ ತೆಗೆದು ನೋಡಿ. ಯುಗಾದಿಯ ಫಲಗಳ ಪುಟದಲ್ಲಿ 'ಕಂದಾಯ ಫಲ' ಅಂತ ಇರುತ್ತದೆ. ಪ್ರತಿ ನಕ್ಷತ್ರದ ಮುಂದೆ ಮೂರು ಅಂಕಿ. ಮೊದಲ ನಾಲ್ಕು ತಿಂಗಳಿಗೆ ಒಂದು, ನಡುವಿನದಕ್ಕೆ ಒಂದು, ಕೊನೆಯದಕ್ಕೆ ಒಂದು. ಸೊನ್ನೆ ಬಂದರೆ ಮನೆಯಲ್ಲಿ ಅಮ್ಮ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ತಾಲ್ಲೂಕಾಫೀಸಿನ ಕಂದಾಯವೂ ಪಂಚಾಂಗದ ಕಂದಾಯವೂ ಒಂದೇ ಅಂತ ತಿಳಿದ ದಿನ ನನಗೆ ಆದ ಖುಷಿ ಇನ್ನೂ ಹಾಗೇ ಇದೆ.

ಪಾರಸಿ ಬರುವ ಮುಂಚೆ ನಮ್ಮಲ್ಲಿ ಏನಿತ್ತು? ನಾಡು ಇತ್ತು. ಕಾಡಿಗೆ ಎದುರಾಗಿ ಜನ ಉಳುವ, ಬಾಳುವ ನೆಲ ನಾಡು. ತಮಿಳು, ಮಲೆಯಾಳ, ತುಳು, ಕೊಡವ ಎಲ್ಲದರಲ್ಲೂ ಇದೆ. ಶಾಸನಗಳ ಕಾಲದಲ್ಲಿ ನಾಡಿನ ಹೆಸರಿನ ಹಿಂದೆ ಒಂದು ಸಂಖ್ಯೆ ಅಂಟಿಕೊಂಡಿರುತ್ತಿತ್ತು. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ಸಾಂತಳಿಗೆ 1000, ಹಾನುಗಲ್ಲು 500, ಬೆಳ್ವೊಲ 300, ಪುಲಿಗೆರೆ 300, ನಾಗರಖಂಡ 70. ಬರೀ 'ಬನವಾಸಿ ನಾಡು' ಅಂದರೆ ಸಾಲದು, 'ಬನವಾಸಿ ಪನ್ನಿರ್ಚ್ಛಾಸಿರ' ಅಂತಲೇ ಹೇಳಬೇಕು.

ಈ ಸಂಖ್ಯೆ ಏನನ್ನು ಎಣಿಸುತ್ತದೆ ಅನ್ನುವ ಬಗ್ಗೆ ವಿದ್ವಾಂಸರಲ್ಲಿ ಹಳೆಯ ವಾದ ಇದೆ. ಹಳ್ಳಿಗಳ ಲೆಕ್ಕ ಅಂತ ಕೆಲವರು, ಹುಟ್ಟುವಳಿಯ ಲೆಕ್ಕ ಅಂತ ಕೆಲವರು. ನನಗೆ ಅನ್ನಿಸುವುದು ಇಷ್ಟು. ಇಡೀ ಕರ್ನಾಟಕದಲ್ಲಿ ಇವತ್ತು ಜನಗಣತಿಯ ಪ್ರಕಾರ ಇರುವುದೇ ಸುಮಾರು 29 ಸಾವಿರ ಹಳ್ಳಿ. ಗಂಗರ ಕಾಲದಲ್ಲಿ ದಕ್ಷಿಣದ ಒಂದು ಭಾಗದಲ್ಲೇ 96 ಸಾವಿರ ಹಳ್ಳಿ ಇದ್ದವು ಅಂದರೆ ನಂಬೋಕೆ ಆಗುವುದಿಲ್ಲ. ಆದರೆ ನಾಗರಖಂಡ 70 ಅಂದಾಗ ಎಪ್ಪತ್ತು ಹಳ್ಳಿಯ ಒಂದು ಕಟ್ಟು ಕಣ್ಣ ಮುಂದೆ ಬರುತ್ತದೆ, ನಮ್ಮ ಒಂದೆರಡು ಹೋಬಳಿಯಷ್ಟು. ಸಣ್ಣ ಸಂಖ್ಯೆಗಳು ಹಳ್ಳಿಯವು, ದೊಡ್ಡವು ಬೇರೆ ಯಾವುದೋ ಲೆಕ್ಕದವು ಅಂತ ನನ್ನ ಅಂದಾಜು. ಗಂಗವಾಡಿ ಅಂತೂ ಹೆಸರಾಗಿ ಜನರಲ್ಲೇ ಉಳಿದಿದೆ. ಗಂಗಡಿಕಾರರು ಅಂದರೆ ಗಂಗವಾಡಿಯವರು.

ನಾಗರಖಂಡದ ಮಾತು ಬಂದಾಗ ಜಕ್ಕಿಯಬ್ಬೆಯನ್ನು ಬಿಟ್ಟು ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಹತ್ತನೇ ಶತಮಾನದ ಮೊದಲ ಭಾಗ, ರಾಷ್ಟ್ರಕೂಟರ ಕಾಲ. ಇವತ್ತಿನ ಶಿಕಾರಿಪುರ, ಸೊರಬದ ಕಡೆ ಇದ್ದ ನಾಗರಖಂಡ ಎಪ್ಪತ್ತಕ್ಕೆ ಸತ್ತರಸ ನಾಗಾರ್ಜುನ ನಾಳ್ಗಾವುಂಡ, ಅಂದರೆ ನಾಡಿನ ಗೌಡ. ಅವನು ತೀರಿಕೊಂಡ. ಅರಸ ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೇ ಕೊಟ್ಟ. ಆಕೆ ಎಪ್ಪತ್ತು ಹಳ್ಳಿಯ ನಾಡನ್ನು ಆಳಿದಳು. ಆಡಳಿತದಲ್ಲಿ ಜಾಣೆ, ಎದೆಗಾರಿಕೆಯಲ್ಲಿ ಕಮ್ಮಿ ಇಲ್ಲದವಳು ಅಂತ ಶಾಸನ ಹೊಗಳುತ್ತದೆ. ಆಮೇಲೆ ಮೈಗೆ ಹುಷಾರು ತಪ್ಪಿತು. ಜಕ್ಕಿಯಬ್ಬೆ ಮಗಳಿಗೆ ಜವಾಬ್ದಾರಿ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ, ಅಂದರೆ ಜೈನರ ಉಪವಾಸದ ವ್ರತ, ಕೈಗೊಂಡು ಪ್ರಾಣ ಬಿಟ್ಟಳು. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಮಗಳಿಗೆ. ಒಂದೆರಡು ಹೋಬಳಿಯಷ್ಟು ನೆಲದ ಆಡಳಿತ ಹೀಗೆ ಕೈ ಬದಲಾದದ್ದು ನಮ್ಮ ನೆಲದಲ್ಲಿ ಸಾವಿರದ ನೂರು ವರ್ಷದ ಹಿಂದೆ. ನಮ್ಮ ಶಾಲೆಯ ಪಾಠದಲ್ಲಿ ಇವಳ ಹೆಸರು ನನಗೆ ಸಿಗಲಿಲ್ಲ. ಸಿಗಬೇಕಿತ್ತು.

ಸಂಖ್ಯೆಯ ಹೆಸರುಗಳು ಪೂರ್ತಿ ಅಳಿಯಲಿಲ್ಲ. ಬ್ರಿಟಿಷರ ಕಾಲದ ಕೊಡಗಿನಲ್ಲಿ ಏಳುಸಾವಿರ ಸೀಮೆ ಅನ್ನುವುದೇ ಒಂದು ತಾಲ್ಲೂಕು. ಪಡಿನಾಲ್ಕುನಾಡು, ಎಡೆನಾಲ್ಕುನಾಡು ಅಂತ ಇನ್ನೆರಡು. ಹಳೆಯ ನಾಡಿನ ಎಣಿಕೆಯ ಮೇಲೆಯೇ ಹೊಸ ತಾಲ್ಲೂಕು ಕೂತಿತ್ತು. ಹನ್ನೆರಡು ಕೊಂಬು, ಮೂವತ್ತೈದು ನಾಡು ಅಂತ ಕೊಡವರು ಈಗಲೂ ಹೇಳುತ್ತಾರೆ. ಕರಾವಳಿಯಲ್ಲಿ ಮಾಗಣೆ, ಅಂದರೆ ಹಳ್ಳಿಗಳ ಗುಂಪು. ಸರ್ಕಾರದ ಕಡತದಿಂದ ಮಾಗಣೆ ಹೋಗಿ ಎಷ್ಟೋ ಕಾಲವಾಯಿತು, ದೇವಸ್ಥಾನದಿಂದ ಹೋಗಿಲ್ಲ. ಮೂಲ್ಕಿ ಸೀಮೆಯ ಒಂಬತ್ತು ಮಾಗಣೆಯವರು ಅಂದರೆ ಬಪ್ಪನಾಡಿನ ಜಾತ್ರೆಗೆ ಯಾರು ಯಾರು ಬರಬೇಕು ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಇನ್ನು ಕೆಲವು ಅಡ್ಡಹೆಸರಿನಲ್ಲಿ ಉಳಿದವು. ನಾಡಗೌಡ, ನಾಡಿಗ, ದೇಶಪಾಂಡೆ, ದೇಸಾಯಿ, ಎಲ್ಲವೂ ಹಿಂದಿನ ಕಾಲದ ಹುದ್ದೆಗಳೇ. ಸೀಮೆಯ ಪಾಡು ಮಾತ್ರ ವಿಚಿತ್ರ. ವಿಜಯನಗರದ ಕಾಲದಲ್ಲಿ ಆಡಳಿತದ ಒಂದು ಭಾಗ. ಆಮೇಲೆ ದೂರದ ನಾಡು, ಪರದೇಶ ಅನ್ನುವ ಅರ್ಥವೂ ಬಂದು ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಎಲ್ಲ ಹುಟ್ಟಿದವು.

1956ರಲ್ಲಿ ಕನ್ನಡನಾಡು ಒಂದಾದಾಗ ಈ ಮಾತುಗಳೂ ಒಂದಾಗಬೇಕಾಯಿತು. ಮೈಸೂರಿನವರು ಅಮಲ್ದಾರ ಅನ್ನುತ್ತಿದ್ದರು. ಮುಂಬೈ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ಬಿಜಾಪುರದವರಿಗೆ ಅವನು ಮಾಮಲೇದಾರ. ಹೈದರಾಬಾದ್ ಕಡೆಯವರಿಗೂ ಮದ್ರಾಸ್ ಕಡೆಯವರಿಗೂ ತಹಶೀಲ್ದಾರ. ಕೊನೆಗೆ ಉಳಿದದ್ದು ತಹಶೀಲ್ದಾರ. ತಾಲ್ಲೂಕು ಮಾತ್ರ ಎಲ್ಲರಲ್ಲೂ ಮೊದಲೇ ಇತ್ತು, ಯಾರೂ ಬದಲಾಯಿಸಿಕೊಳ್ಳಬೇಕಾಗಲಿಲ್ಲ. ನಾಲ್ಕೈದು ಆಡಳಿತದಲ್ಲಿ ಹರಿದು ಹಂಚಿಹೋಗಿದ್ದ ಜನರಿಗೆ ಸಮಾನವಾಗಿದ್ದ ಸರ್ಕಾರಿ ಮಾತುಗಳಲ್ಲಿ ಇದೂ ಒಂದು. ಅವತ್ತು 19 ಜಿಲ್ಲೆ ಇದ್ದದ್ದು 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ 31 ಆಯಿತು.

ನೆರೆಯವರು ಬೇರೆ ದಾರಿ ಹಿಡಿದರು. ತಮಿಳಿನಲ್ಲಿ ತಾಲ್ಲೂಕನ್ನು ವಟ್ಟಂ ಅನ್ನುತ್ತಾರೆ, ಜಿಲ್ಲೆಯನ್ನು ಮಾವಟ್ಟಂ. ವಟ್ಟ ಅಂದರೆ ದುಂಡು, ಸುತ್ತು. ಹೊಸೂರಿನ ಕನ್ನಡಿಗರು ಅರ್ಜಿ ಬರೆಯುವಾಗ ವಟ್ಟಂ ಅಂತ ತುಂಬುತ್ತಾರೆ. ಆಂಧ್ರದಲ್ಲಿ 1985ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ತಾಲ್ಲೂಕನ್ನೇ ತೆಗೆದು ಸಣ್ಣ ಸಣ್ಣ ಮಂಡಲ ಮಾಡಿತು. ಮಡಕಶಿರಾ, ರಾಯದುರ್ಗದ ಕಡೆ ಕನ್ನಡ ಆಡುವವರ ವಿಳಾಸದಲ್ಲಿ ಈಗ ಇರುವುದು ಮಂಡಲ. ಕಚೇರಿ ಹತ್ತಿರ ಬಂತು, ಅದು ಜನರಿಗೆ ಒಳ್ಳೆಯದೇ ಆಯಿತು. ನಮ್ಮಲ್ಲೂ 1980ರ ದಶಕದಲ್ಲಿ ಮಂಡಲ ಪಂಚಾಯಿತಿ ಬಂದಿತ್ತು, 1993ರ ಕಾಯ್ದೆಯ ನಂತರ ಗ್ರಾಮ ಪಂಚಾಯಿತಿಯಾಯಿತು. ಆದರೆ ತಾಲ್ಲೂಕನ್ನು ಮುಟ್ಟುವ ಯೋಚನೆ ಯಾರಿಗೂ ಬಂದಂತಿಲ್ಲ. ನನಗೂ ಅದು ಬದಲಾಗುವುದು ಬೇಡ. ಹೊರಗಿನ ಮಾತು ಅಂತ ಇದನ್ನು ಕಿತ್ತು ಹಾಕಬೇಕು ಅನ್ನುವವರು ಆಗಾಗ ಸಿಗುತ್ತಾರೆ. ಅವರಿಗೆ ನನ್ನ ಉತ್ತರ ಒಂದೇ. ಮೂರು ನಾಲ್ಕು ನೂರು ವರ್ಷ ನಮ್ಮ ರೈತರು ನಡೆದು, ಗಾಡಿ ಕಟ್ಟಿಕೊಂಡು, ಬಸ್ಸಿನಲ್ಲಿ ನಿಂತು ಹೋದ ಊರಿನ ಹೆಸರು ಅದು. ಇನ್ನು ಹೊರಗಿನದು ಹೇಗಾದೀತು? ಹೋಬಳಿಯ ಕಚೇರಿಗೆ ನಾಡಕಚೇರಿ ಅಂತ ಹೆಸರಿಟ್ಟು ನಾಡನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೇವೆ. ಎರಡೂ ಇರಲಿ.

ತಾಲ್ಲೂಕು ಆಗಬೇಕು ಅಂತ ನಮ್ಮ ಊರುಗಳು ಎಷ್ಟು ವರ್ಷ ಹೋರಾಡುತ್ತವೆ ನೋಡಿ. ಹೋರಾಟ ಸಮಿತಿ, ಬಂದ್, ಪಾದಯಾತ್ರೆ, ಮನವಿ ಪತ್ರ. ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ್, ಎಂ.ಬಿ. ಪ್ರಕಾಶ್ ಅಂತ ಸಮಿತಿಯ ಮೇಲೆ ಸಮಿತಿ ಬಂದು ವರದಿ ಕೊಟ್ಟವು. ಕೊನೆಗೆ 2017ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕು ಘೋಷಣೆಯಾಯಿತು. ಹನೂರು, ಸರಗೂರು, ಅಜ್ಜಂಪುರ, ನ್ಯಾಮತಿ, ಬೈಂದೂರು, ಕಡಬ, ಮೂಡುಬಿದಿರೆ, ಇಳಕಲ್ಲು. ಹನೂರಿನ ಕಾಡಂಚಿನ ಹಳ್ಳಿಯವರು ಒಂದು ಸಹಿಗೆ ಕೊಳ್ಳೇಗಾಲದವರೆಗೆ ಹೋಗಿ ಬರಬೇಕಿತ್ತು, ಒಂದು ದಿನದ ಕೂಲಿ ಹೋಗುತ್ತಿತ್ತು. ಅಧಿಕಾರಿ ರಜೆಯಲ್ಲಿದ್ದರೆ ಮತ್ತೊಂದು ದಿನ. ಹಾಗಾಗಿ ತಾಲ್ಲೂಕಿಗಾಗಿ ಬೀದಿಗಿಳಿದವರನ್ನು ಸುಮ್ನೆ ಊರಿನ ಪ್ರತಿಷ್ಠೆಗೆ ಗಲಾಟೆ ಮಾಡುತ್ತಾರೆ ಅಂತ ತಳ್ಳಿಹಾಕುವುದು ಅನ್ಯಾಯ.

ಆ 49ರ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಎರಡು ಹೆಸರಿನ ಮೇಲೆ. ಲಕ್ಷ್ಮೇಶ್ವರ ಮತ್ತು ಅಣ್ಣಿಗೇರಿ. ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ, ಪುಲಿಗೆರೆ ಮುನ್ನೂರರ ಮುಖ್ಯ ಊರು. ಅಣ್ಣಿಗೇರಿ ಬೆಳ್ವೊಲ ಮುನ್ನೂರರ ರಾಜಧಾನಿ. ಚಾಲುಕ್ಯರ ಕಾಲದಲ್ಲಿ ಎರಡನ್ನೂ ಒಬ್ಬನೇ ಅಧಿಕಾರಿಗೆ ಒಪ್ಪಿಸುವುದು ಎಷ್ಟು ರೂಢಿಯಾಗಿತ್ತು ಅಂದರೆ ಶಾಸನಗಳು ಎರಡೂ ಸೇರಿಸಿ 'ಎರಡರುನೂರು', ಅಂದರೆ ಎರಡು ಮುನ್ನೂರು ಸೇರಿದ ಆರುನೂರು, ಅಂತ ಕರೆದವು. ಹಾಗಿದ್ದ ಊರುಗಳು ನಮ್ಮ ಕಾಲದಲ್ಲಿ ಒಂದು ಶಿರಹಟ್ಟಿ ತಾಲ್ಲೂಕಿಗೆ ಸೇರಿತ್ತು, ಇನ್ನೊಂದು ನವಲಗುಂದ ತಾಲ್ಲೂಕಿಗೆ. ಹನ್ನೆರಡು ಸಾವಿರದ ಬನವಾಸಿ ಇವತ್ತಿಗೂ ಶಿರಸಿ ತಾಲ್ಲೂಕಿನ ಒಂದು ಹೋಬಳಿ. ಹೀಗಿರುವಾಗ ಈ ಎರಡಕ್ಕೆ ಒಂದೇ ಪಟ್ಟಿಯಲ್ಲಿ ಕಚೇರಿ ವಾಪಸ್ಸು ಬಂತು. ಪಟ್ಟಿ ಮಾಡಿದವರು ಶಾಸನ ನೋಡಿ ಮಾಡಿರಲಿಕ್ಕಿಲ್ಲ. ಜನಸಂಖ್ಯೆ, ದೂರ, ಬೇಡಿಕೆ ನೋಡಿದ್ದಾರೆ. ಆದರೂ ಸುತ್ತಲಿನ ಹಳ್ಳಿಯವರು ಯಾವ ಊರಿಗೆ ಹೋಗುವುದು ಸಲೀಸು ಅನ್ನುವ ಲೆಕ್ಕ ಸಾವಿರ ವರ್ಷದಲ್ಲಿ ಅಷ್ಟೇನೂ ಬದಲಾಗಿಲ್ಲ ಅಂತ ಕಾಣುತ್ತದೆ. ಅಣ್ಣಿಗೇರಿಯ ರೈತ ಈಗ ಜಮೀನಿನ ತಕರಾರಿಗೆ ತಹಶೀಲ್ದಾರರ ಮುಂದೆ ನಿಲ್ಲೋಕೆ ನವಲಗುಂದದ ಬಸ್ಸು ಹತ್ತಬೇಕಾಗಿಲ್ಲ.